ಮೊದಲು ಕೌಂಟ್, ಆಮೇಲೆ ಮದ್ದು

ನಮಸ್ಕಾರ. ಇವತ್ತು ಸಕ್ಕರೆ ಕಾಯಿಲೆಯವರ ಮೂರು ತಿಂಗಳ ಟೆಸ್ಟ್ ಬಗ್ಗೆ ಮಾತಾಡಬೇಕಿತ್ತು. ಎಲ್ಲ ಬರೆದು ಇಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಮೊನ್ನೆ ರಾತ್ರಿ ಮಲಗುವ ಮುಂಚೆ ನಮ್ಮ ಚಾನೆಲ್‌ನ ಕಮೆಂಟ್ ಓದುತ್ತಾ ಕೂತಿದ್ದೆ. ಒಬ್ಬರು ಹೀಗೆ ಬರೆದಿದ್ದರು: "ಮೈಮೇಲೆ ರಕ್ತದ ಚುಕ್ಕೆ ಎದ್ದರೆ ಉಷ್ಣ ಅಷ್ಟೇ. ಪಪ್ಪಾಯ ಎಲೆ ರಸ ಮೂರು ದಿನ ಕುಡಿಸಿ. ಟೆಸ್ಟ್ ಗಿಸ್ಟ್ ಅಂತ ದುಡ್ಡು ಕಳೀಬೇಡಿ." ಅದಕ್ಕೆ ರಾಶಿ ಲೈಕ್ ಬಿದ್ದಿವೆ. ಬೀಳಲಿ. ನನ್ನ ನಿದ್ದೆ ಕೆಡಿಸಿದ್ದು ಅದರ ಕೆಳಗಿದ್ದ ಇನ್ನೊಂದು ಕಮೆಂಟ್. "ಸರ್, ನಮ್ಮ ಅಮ್ಮನಿಗೆ ನಾಲ್ಕು ದಿನದಿಂದ ಮೊಣಕಾಲ ಕೆಳಗೆ ಕೆಂಪು ಚುಕ್ಕೆ. ಹಲ್ಲುಜ್ಜುವಾಗ ವಸಡಲ್ಲೂ ರಕ್ತ. ಎಷ್ಟು ಎಲೆ ಹಾಕಬೇಕು?"

ವಸಡಲ್ಲಿ ರಕ್ತ. ನಾಲ್ಕು ದಿನ. ಎಷ್ಟು ಎಲೆ ಅಂತೆ!

ನಾನು ಡಾಕ್ಟರ್ ಅಲ್ಲ, ನಿಮಗೆಲ್ಲ ಗೊತ್ತಿದೆ. ಹತ್ತೊಂಬತ್ತು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ದಿನ ಬೆಳಗಾದರೆ ನನ್ನ ಮುಂದೆ ಬರುವುದು ನೇರಳೆ ಮುಚ್ಚಳದ ಟ್ಯೂಬು, ಅದರೊಳಗೆ ಎರಡು ಎಂಎಲ್ ರಕ್ತ. ಯಾವ ಮದ್ದು ಕೊಡಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಚರ್ಮದ ಕೆಳಗೆ ಕಾರಣವಿಲ್ಲದೆ ರಕ್ತ ಕಂಡರೆ ಮೊದಲು ಕೌಂಟ್, ಆಮೇಲೆ ಮದ್ದು. ಕೌಂಟ್ ಅಂದರೆ ರಕ್ತದ ಕಣಗಳನ್ನು ಎಣಿಸುವ ಪರೀಕ್ಷೆ. ಎಣ್ಣೆ, ಎಲೆ, ದೃಷ್ಟಿ ತೆಗೆಯುವುದು, ಏನಾದರೂ ಮಾಡಿಕೊಳ್ಳಿ. ಮೊದಲು ಕೌಂಟ್.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಅಣ್ಣನ ಮಗಳಿಗೆ ಆಗ ಐದು ವರ್ಷ. ಭಾನುವಾರ ಮಧ್ಯಾಹ್ನ ಊಟಕ್ಕೆ ಹೋಗಿದ್ದೆ. ಮಗು ಚಡ್ಡಿ ಹಾಕಿಕೊಂಡು ನೆಲದ ಮೇಲೆ ಕೂತು ಬಣ್ಣ ಬಳಿಯುತ್ತಿತ್ತು. ಎರಡೂ ಕಣಕಾಲಿನ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು, ಯಾರೋ ಕೆಂಪು ಪೆನ್ನಿನ ತುದಿ ಒತ್ತಿ ಒತ್ತಿ ತೆಗೆದ ಹಾಗೆ. ಮೊಣಕೈ ಹತ್ತಿರ ಒಂದು ನೀಲಿ ಮಚ್ಚೆ. "ಉಷ್ಣ ಕಣೋ, ನಿನ್ನೆ ಇಡೀ ದಿನ ಬಿಸಿಲಲ್ಲಿ ಕುಣಿದಿದ್ದಾಳೆ" ಅಂದರು ಅಮ್ಮ. ಅತ್ತಿಗೆ ಆಗಲೇ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿಯಾಗಿತ್ತು. "ಅಮ್ಮ, ಒಂದು ಗಾಜಿನ ಲೋಟ ಕೊಡು" ಅಂದೆ. ಲೋಟದ ಬದಿಯನ್ನು ಚುಕ್ಕೆಯ ಮೇಲಿಟ್ಟು ಒತ್ತಿದೆ. "ಚಿಕ್ಕಪ್ಪ, ತಣ್ಣಗಿದೆ" ಅಂತ ಮಗು ನಕ್ಕಿತು. ಗಾಜಿನೊಳಗಿಂದ ನೋಡಿದೆ. ಸುತ್ತಲಿನ ಚರ್ಮ ಬೆಳ್ಳಗಾಯಿತು. ಚುಕ್ಕೆ ಮಾತ್ರ ಹಾಗೇ ಕೆಂಪಗೆ ನಿಂತಿತ್ತು.

ಇದನ್ನು ಎಲ್ಲರೂ ಕಲಿತುಕೊಳ್ಳಿ, ದುಡ್ಡು ಬೇಕಿಲ್ಲ. ಬೆವರುಸಾಲೆ, ಸೊಳ್ಳೆ ಕಡಿತ, ಅಲರ್ಜಿಯ ದದ್ದು, ಇವುಗಳಲ್ಲಿ ರಕ್ತ ಇನ್ನೂ ನಾಳದೊಳಗೇ ಇರುತ್ತದೆ. ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ, ಕೆಂಪು ಮಾಯವಾಗುತ್ತದೆ. ರಕ್ತ ನಾಳದಿಂದ ಹೊರಗೆ ಸೋರಿ ಚರ್ಮದಲ್ಲಿ ನಿಂತಿದ್ದರೆ ಎಷ್ಟು ಒತ್ತಿದರೂ ಹೋಗುವುದಿಲ್ಲ. ಕಾಲಲ್ಲೇ ಮೊದಲು ಯಾಕೆ ಅಂದರೆ, ನಾವು ನಿಂತಾಗ ರಕ್ತದ ಒತ್ತಡ ಜಾಸ್ತಿ ಬೀಳುವುದು ಅಲ್ಲೇ.

ಸಂಜೆಯೊಳಗೆ ರಕ್ತ ತೆಗೆದೆವು. ಪ್ಲೇಟ್‌ಲೆಟ್, ಅಂದರೆ ರಕ್ತ ಸೋರದ ಹಾಗೆ ತಡೆಯುವ ಸಣ್ಣ ಕಣ, ಬರೀ 9 ಸಾವಿರ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕಾದದ್ದು! ಆ ಕಾಗದ ಕೈಯಲ್ಲಿ ಹಿಡಿದು ಅಣ್ಣ ಗೋಡೆಗೆ ಒರಗಿ ಕೂತುಬಿಟ್ಟ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಎರಡು ಮೂರು ವಾರದ ಹಿಂದೆ ಜ್ವರ, ನೆಗಡಿ ಬಂದಿತ್ತಾ?" ಬಂದಿತ್ತು. ಐಟಿಪಿ ಅಂದರು. ವೈರಸ್ ಜೊತೆ ಹೋರಾಡಿದ ಮೈ, ಆಮೇಲೆ ದಾರಿ ತಪ್ಪಿ ತನ್ನ ಪ್ಲೇಟ್‌ಲೆಟ್‌ಗಳನ್ನೇ ಹೊಡೆದುಹಾಕುತ್ತದೆ. ಮಕ್ಕಳಲ್ಲಿ ಇದು ಬಹುತೇಕ ತಾನಾಗಿ ಸರಿಹೋಗುತ್ತದೆ. ಎಷ್ಟೋ ಮಕ್ಕಳಿಗೆ ಬರೀ ಕಾದು ನೋಡುತ್ತಾರೆ. ಇವಳಿಗೆ ಕೆಲವು ದಿನ ಸ್ಟೆರಾಯ್ಡ್ ಕೊಟ್ಟರು. ಜಿಗಿಯಬೇಡ, ಸೈಕಲ್ ಬೇಡ, ಮಂಚದಿಂದ ಹಾರಬೇಡ ಅಂದರು. ಎರಡು ತಿಂಗಳಲ್ಲಿ 1 ಲಕ್ಷ 80 ಸಾವಿರ ಆಯಿತು.

ಈಗ ನೀವು ಹೇಳುತ್ತೀರಿ, ತಾನಾಗಿ ಸರಿಹೋಗುವುದಾದರೆ ಟೆಸ್ಟ್ ಯಾಕೆ? ಯಾಕೆಂದರೆ ಅದೇ ಚುಕ್ಕೆ ರಕ್ತದ ಕ್ಯಾನ್ಸರ್‌ನಲ್ಲೂ ಬರುತ್ತದೆ ಸ್ವಾಮಿ! ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಕೆಲವು ಕ್ಯಾನ್ಸರ್‌ಗಳಲ್ಲಿ ಮೊದಲು ಕಾಣುವುದೇ ಈ ರಕ್ತಸ್ರಾವ. ಎಪಿಎಲ್ ಎಂಬ ಒಂದು ಜಾತಿ ಇದೆ. ಬೇಗ ಹಿಡಿದರೆ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ, ಅಷ್ಟು ಒಳ್ಳೆ ಔಷಧ ಇದೆ. ತಡವಾದರೆ ಕೆಲವೇ ದಿನದಲ್ಲಿ ಮಿದುಳಿನಲ್ಲಿ ರಕ್ತ ಸೋರಿ ಜೀವ ಹೋಗಬಹುದು. ಆ ದಿನಗಳನ್ನೇ ನೀವು ಎಲೆ ಅರೆಯುತ್ತಾ ಕಳೆಯುವುದು. ಚುಕ್ಕೆಯ ಬಣ್ಣ ನೋಡಿ ಹೇಳಲಾಗುವುದಿಲ್ಲ. ಅಜ್ಜಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ, ದೊಡ್ಡ ಡಾಕ್ಟರ್‌ಗೂ ಆಗುವುದಿಲ್ಲ. ಮೊದಲು ಕೌಂಟ್.

ಸರಿ, ಪಪ್ಪಾಯಕ್ಕೇ ಬರೋಣ. ಮಳೆಗಾಲ ಶುರುವಾದರೆ ನಮ್ಮ ಬೀದಿಯ ಪಪ್ಪಾಯ ಗಿಡಗಳಲ್ಲಿ ಒಂದು ಎಲೆ ಉಳಿಯುವುದಿಲ್ಲ, ಬೋಳು ಕಂಬದ ಹಾಗೆ ನಿಂತಿರುತ್ತವೆ. ಪಪ್ಪಾಯ ಎಲೆಯಿಂದ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಇಲ್ಲ ಅನ್ನುವುದಿಲ್ಲ. ಆದರೆ ಡೆಂಗಿಯಲ್ಲಿ ಜ್ವರ ಇಳಿದು ಒಂದೆರಡು ದಿನಕ್ಕೆ ಏನೂ ಕುಡಿಯದವರ ಕೌಂಟೂ ಏರುತ್ತದೆ. ಹೆಸರು ಎಲೆಗೆ ಬರುತ್ತದೆ. ಇನ್ನೊಂದು ವಿಷಯ. ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಇಳಿದದ್ದಲ್ಲ. ರಕ್ತದ ನೀರಿನಂಶ ನಾಳದಿಂದ ಹೊರಗೆ ಸೋರಿ ಬಿಪಿ ಕುಸಿಯುವುದು. ಅದಕ್ಕೇ ರಿಪೋರ್ಟ್‌ನಲ್ಲಿ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬ ಸಾಲನ್ನೂ ಡಾಕ್ಟರ್ ನೋಡುತ್ತಾರೆ. ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಮನೆಯವರೆಲ್ಲ "ಅಬ್ಬಾ, ಹುಷಾರಾಯ್ತು" ಅಂದುಕೊಳ್ಳುವಾಗ. ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ಮಂಕು, ಇವು ಬಂದರೆ ಕೂರಬೇಡಿ, ಓಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ನಮ್ಮ ರಾಜ್ಯದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ಆಟ ಅಲ್ಲ ಇದು.

ಇನ್ನೊಂದು ಹೇಳಿಬಿಡುತ್ತೇನೆ, ವರ್ಷಗಳಿಂದ ಮನಸ್ಸಲ್ಲಿದೆ. "ಬಿಳಿ ರಕ್ತಕಣ ಇಳಿದಿದೆ" ಅನ್ನುತ್ತಾರೆ ಎಲ್ಲರೂ, ಪ್ಲೇಟ್‌ಲೆಟ್ ಇಳಿದಾಗ. ಅದು ಬಿಳಿ ರಕ್ತಕಣ ಅಲ್ಲ ಕಣ್ರೀ! ಬಿಳಿ ರಕ್ತಕಣ ಸೋಂಕಿನ ಜೊತೆ ಹೋರಾಡುವುದು. ಪ್ಲೇಟ್‌ಲೆಟ್ ತೂತು ಮುಚ್ಚುವುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳ ನಡುವೆ ರಾಗಿ ಹಿಟ್ಟಿನ ಧೂಳು ಬಿದ್ದ ಹಾಗೆ ನೇರಳೆ ಪುಡಿ. ಎಂಟು ಹತ್ತು ದಿನ ಅದರ ಆಯಸ್ಸು. ಅಷ್ಟರಲ್ಲೇ ನಮ್ಮ ಮೈಯ ಸಾವಿರ ಸಣ್ಣ ಸೋರಿಕೆ ಮುಚ್ಚಿ ಹೋಗುತ್ತದೆ.

ಈ ಥರದ ಮಾಹಿತಿ ಇಷ್ಟವಾಗುತ್ತಿದ್ದರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ, ಗಂಟೆ ಒತ್ತಿ. ರಿಪೋರ್ಟ್ ಓದುವುದು ಹೇಗೆ ಅಂತ ಹನ್ನೆರಡು ಭಾಗದ ಸರಣಿ ಮಾಡಿದ್ದೇನೆ, ಕೆಳಗೆ ಲಿಂಕ್ ಇದೆ. ಮೂರನೇ ಭಾಗ ಪೂರ್ತಿ ಪ್ಲೇಟ್‌ಲೆಟ್ ಬಗ್ಗೆಯೇ.

ಇನ್ನು ಆ ವಾಟ್ಸ್ಆ್ಯಪ್ ವಿಡಿಯೊ. ಹುಡುಗಿಯ ಹಣೆಯಿಂದ ರಕ್ತ ಬೆವರಿನ ಹಾಗೆ ಇಳಿಯುತ್ತಿದೆ, "ದೇವಿಯ ಮಹಿಮೆ" ಅಂತ ಬರೆದು ಎಲ್ಲರಿಗೂ ಕಳಿಸುತ್ತಿದ್ದಾರೆ. ಅಂಥ ಕಾಯಿಲೆ ನಿಜವಾಗಿ ಇದೆ. ಹೆಮಟಿಡ್ರೋಸಿಸ್ ಅನ್ನುತ್ತಾರೆ, ತುಂಬಾ ಅಪರೂಪ. ಗಾಯವೇ ಇಲ್ಲದ ಚರ್ಮದಿಂದ ರಕ್ತ ಒಸರುತ್ತದೆ. ಇಟಲಿಯ 21 ವರ್ಷದ ಹೆಣ್ಣುಮಗಳೊಬ್ಬಳಿಗೆ ಮೂರು ವರ್ಷ ಮುಖ, ಅಂಗೈಯಿಂದ ಹೀಗೆ ಆಗುತ್ತಿತ್ತು. ಡಾಕ್ಟರ್‌ಗಳು 2017ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮನಸ್ಸಿಗೆ ಒತ್ತಡವಾದಾಗ ಜಾಸ್ತಿ ಆಗುತ್ತಿತ್ತು. ನಾಚಿಕೆಯಿಂದ ಅವಳು ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದಳು. ಪ್ರೊಪ್ರನೊಲಾಲ್ ಎಂಬ ಹಳೆಯ ಮಾತ್ರೆಯಿಂದ ತುಂಬಾ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಅಂಥ ಹುಡುಗಿಗೆ ಬೇಕಾಗಿರುವುದು ಚಿಕಿತ್ಸೆ, ಜೊತೆಗೆ ಕೂತು ಮಾತಾಡುವ ಒಬ್ಬರು. ಅವಳ ಮುಖವನ್ನು ಊರಿಗೆಲ್ಲ ಹಂಚಬೇಡಿ. ಆ ಡಾಕ್ಟರ್‌ಗಳೂ ಅಪರೂಪದ ಹೆಸರು ಕೊಡುವ ಮುಂಚೆ ಏನು ಮಾಡಿದರು ಗೊತ್ತಾ? ರಕ್ತ ಪರೀಕ್ಷೆ. ಮೊದಲು ಕೌಂಟ್!

ಕೆಂಪು ಬೆವರೆಲ್ಲ ರಕ್ತವೂ ಅಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ನುಂಗಿದರೆ ಮೂತ್ರ, ಕಣ್ಣೀರು, ಬೆವರು ಎಲ್ಲ ಕಿತ್ತಳೆ-ಕೆಂಪಾಗುತ್ತದೆ. ಬಿಳಿ ಬನಿಯನ್ ಮೇಲೆ ಕಲೆ ನೋಡಿ ಹೆದರಿ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಬಿಡಬೇಡಿ, ಅದು ಬರೀ ಬಣ್ಣ. ಎಪ್ಪತ್ತು ದಾಟಿದವರ ಮುಂಗೈಯಲ್ಲಿ ಸುಮ್ನೆ ತಾಗಿದರೂ ನೇರಳೆ ಮಚ್ಚೆ ಏಳುವುದೂ ಉಂಟು. ಚರ್ಮ ತೆಳುವಾಗಿರುತ್ತದೆ, ಅದೊಂದೇ ಆದರೆ ಭಯವಿಲ್ಲ.

ಆದರೆ ಮನೆಯ ಹಿರಿಯರ ಮಾತ್ರೆ ಡಬ್ಬಿ ತೆಗೆದು ನೋಡಿ. ಹೃದಯದ ಕವಾಟ ಬದಲಾಯಿಸಿದವರಿಗೆ ರಕ್ತ ತೆಳು ಮಾಡುವ ಮಾತ್ರೆ ಇರುತ್ತದೆ. ಅದರ ಹುಟ್ಟಿನ ಕಥೆ ಕೇಳಿ. ಅಮೆರಿಕದ ವಿಸ್ಕಾನ್ಸಿನ್, 1933ರ ಚಳಿಗಾಲ. ರೈತನೊಬ್ಬ ಹಿಮದ ಬಿರುಗಾಳಿಯಲ್ಲಿ ಸತ್ತ ಕಡಸು, ಹಾಲಿನ ಕ್ಯಾನ್ ತುಂಬ ಹೆಪ್ಪುಗಟ್ಟದ ರಕ್ತ, ಒಂದಷ್ಟು ಕೆಟ್ಟ ಮೇವು ತುಂಬಿಕೊಂಡು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಬಾಗಿಲಿಗೆ ಬಂದ. ಬೂಸ್ಟು ಹಿಡಿದ ಕ್ಲೋವರ್ ಹುಲ್ಲು ತಿಂದ ದನಗಳು ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ಆ ಹುಲ್ಲಿನ ಬೆನ್ನು ಹತ್ತಿ ಹೋದವರಿಗೆ ಕೊನೆಗೆ ಸಿಕ್ಕಿದ್ದು ವಾರ್ಫರಿನ್. ಮೊದಲು ಇಲಿ ಪಾಷಾಣ, ಆಮೇಲೆ ಮನುಷ್ಯರಿಗೆ ಔಷಧ. ನಿಮ್ಮ ತಂದೆ ನುಂಗುವುದು ಅದನ್ನೋ, ಅದರ ಬಳಗದ್ದೋ. ಅದರ ಮೇಲೆ ಮಂಡಿನೋವಿಗೆ ಅಂತ ಅಂಗಡಿಯ ಮಾತ್ರೆ ಸೇರಿದರೆ ಮೈತುಂಬ ನೀಲಿ. ಇವರಿಗೆ ಪ್ಲೇಟ್‌ಲೆಟ್ ಸರಿಯಾಗೇ ಇರಬಹುದು, ಹಾಗಾಗಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆಯೂ ಬೇಕು. ನೀವೇ ಮಾತ್ರೆ ನಿಲ್ಲಿಸಬೇಡಿ, ಕವಾಟದಲ್ಲಿ ಹೆಪ್ಪು ಕಟ್ಟೀತು. ಡಾಕ್ಟರ್‌ಗೆ ಫೋನ್ ಮಾಡಿ.

ಮಲೆನಾಡಿನವರು ಇನ್ನೆರಡು ನೆನಪಿಡಿ. ಒಂದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, ಉಣುಗು ಕಚ್ಚಿ ಬರುವುದು. ಅದರಲ್ಲೂ ಮೂಗು, ವಸಡಲ್ಲಿ ರಕ್ತ ಬರಬಹುದು. ಎರಡು, ಕೊಳಕುಮಂಡಲ ಹಾವು. ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ಆಸ್ಪತ್ರೆಯಲ್ಲಿ ಒಣ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡುವುದು. ಗಟ್ಟಿಯಾಗಿದ್ದರೆ ಸರಿ. ನೀರಿನ ಹಾಗೆ ಹರಿದರೆ ವಿಷ ಏರಿದೆ. ಆ 20 ನಿಮಿಷ ನಾನು ಗಡಿಯಾರ ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ನಾಟಿ ಮದ್ದಿನವರ ಹತ್ತಿರ ಹೋಗಿ ಮೂರು ಗಂಟೆ ಕಳೆದು ಬಂದವರ ಟ್ಯೂಬು ಓರೆ ಮಾಡುವಾಗ ಕೈ ನಡುಗುತ್ತದೆ.

"ಲ್ಯಾಬಿನವರು ದುಡ್ಡಿಗೋಸ್ಕರ ಹೇಳುತ್ತಾರೆ" ಅಂತ ಒಬ್ಬರು ಬರೆದಿದ್ದಾರೆ. ನಮ್ಮ ಲ್ಯಾಬಿಗೆ ಬರಬೇಡಿ! ಸರ್ಕಾರಿ ಆಸ್ಪತ್ರೆಗೆ ಹೋಗಿ ಮಾಡಿಸಿ, ನನಗೆ ಒಂದು ರೂಪಾಯಿ ಬೇಡ. "ಮೆಷಿನ್ ತಪ್ಪು ತೋರಿಸುತ್ತೆ" ಅಂತ ಇನ್ನೊಬ್ಬರು. ಹೌದು, ತೋರಿಸುತ್ತದೆ. ಒಮ್ಮೆ ಒಬ್ಬರದು 22 ಸಾವಿರ ಬಂತು, ಬೆಂಗಳೂರಿಗೆ ಆಂಬುಲೆನ್ಸ್ ಹೊರಟಿತ್ತು. ಮೈಮೇಲೆ ಒಂದು ಚುಕ್ಕೆ ಇಲ್ಲ. ಸ್ಲೈಡ್ ಮಾಡಿ ನೋಡಿದರೆ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿವೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ನೇರಳೆ ಟ್ಯೂಬಿನಲ್ಲಿ ಹಾಕಿರುವ ಮದ್ದಿಗೆ ಕೆಲವರ ರಕ್ತ ಹಾಗೆ ಆಡುತ್ತದೆ. ನೀಲಿ ಮುಚ್ಚಳದ ಟ್ಯೂಬಲ್ಲಿ ಮತ್ತೆ ತೆಗೆದೆ, ಎರಡು ಲಕ್ಷ ದಾಟಿತ್ತು. ತಪ್ಪು ಸಿಕ್ಕಿದ್ದೂ ಪರೀಕ್ಷೆಯಲ್ಲೇ ಅಲ್ವಾ? ಎಲೆ ಅರೆದು ಸಿಕ್ಕಿತಾ?

"ನಮ್ಮ ಅಜ್ಜಿ ಕಾಲದಲ್ಲಿ ಯಾವ ಟೆಸ್ಟ್ ಇತ್ತು?" ಇರಲಿಲ್ಲ. ನಮ್ಮ ಅಜ್ಜಿ ಹತ್ತು ಹೆತ್ತರು. ಆರು ಉಳಿದವು. ಉಳಿಯದ ನಾಲ್ಕಕ್ಕೆ ಏನಾಗಿತ್ತು ಅಂತ ಕೊನೆಯವರೆಗೂ ಅವರಿಗೆ ಗೊತ್ತಾಗಲಿಲ್ಲ. "ಒಂದಕ್ಕೆ ಮೈಯೆಲ್ಲ ಕೆಂಪಗಾಗಿತ್ತು, ಗಾಳಿ ಸೋಕಿತ್ತು" ಅನ್ನುತ್ತಿದ್ದರು. ಗಾಳಿ!

ಇಷ್ಟೇ ರೀ. ಇನ್ನೂ ಏನೇನೋ ಬರೆದುಕೊಂಡಿದ್ದೆ, ಬೇಡ. ಒತ್ತಿ ನೋಡಿ. ಹೋಗದಿದ್ದರೆ ಕೌಂಟ್ ಮಾಡಿಸಿ. ಜ್ವರದ ಜೊತೆ ಒತ್ತಿದರೂ ಹೋಗದ ಚುಕ್ಕೆ ಬಂದರೆ ಬೆಳಗಾಗುವವರೆಗೂ ಕಾಯಬೇಡಿ. ತಲೆನೋವು, ಕಪ್ಪು ಮಲ, ಮಂಪರು ಇದ್ದರೆ ಆ ಕ್ಷಣವೇ ಹೊರಡಿ. ಮೊದಲು ಕೌಂಟ್, ಮೊದಲು ಕೌಂಟ್!

ಮತ್ತೆ ಆ ಕಮೆಂಟ್ ಹಾಕಿದವರು. ನಾಲ್ಕು ದಿನ ಅಂತ ಬರೆದಿದ್ದಿರಿ, ಇವತ್ತಿಗೆ ಆರನೇ ದಿನ. ನಾನು ಅಲ್ಲೇ ಎರಡು ಸಲ ಉತ್ತರ ಹಾಕಿದೆ, ನೀವು ನೋಡಿದ ಹಾಗಿಲ್ಲ. ಈಗ ಇದನ್ನು ನೋಡುತ್ತಿದ್ದರೆ ವಿಡಿಯೊ ನಿಲ್ಲಿಸಿ. ಅಮ್ಮನನ್ನು ಕರೆದುಕೊಂಡು ಹೊರಡಿ, ಅವರು ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ಕೌಂಟ್ ಎಷ್ಟು ಬಂತು ಅಂತ ಅದೇ ಕಮೆಂಟ್ ಕೆಳಗೆ ಬರೆಯಿರಿ. ರಾತ್ರಿ ಎಷ್ಟು ಹೊತ್ತಾದರೂ ನೋಡುತ್ತಿರುತ್ತೇನೆ.