ಇಯಾಗೊನನ್ನು ಬೈದರೆ ಮುಗಿಯಿತೇ?

ಅಧ್ಯಕ್ಷರೇ, ಗೆಳೆಯರೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ದುರಂತ ನಾಟಕಗಳಲ್ಲಿ ಅಸೂಯೆ ಮತ್ತು ಖಳನಾಯಕ’ ಎಂದು ಅಚ್ಚಾಗಿದೆ. ಗ್ರೀಕ್ ನಾಟಕದಲ್ಲಿ ಅಸೂಯೆಯಿಂದ ಮಕ್ಕಳನ್ನೇ ಕೊಂದ ಮಿಡೀಯಾಳಿಂದ ಶುರುಮಾಡಿ ಕ್ರಮವಾಗಿ ಬರೋಣ ಅಂತ ಟಿಪ್ಪಣಿ ಮಾಡಿಕೊಂಡೇ ಬಂದಿದ್ದೆ. ಆದರೆ ನನಗಿಂತ ಮುಂಚೆ ಮಾತಾಡಿದ ಗೆಳೆಯರು ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕ ಹಿಡಿದು, ‘ಒಥೆಲೊ ಪಾಪದವನು, ಇಯಾಗೊ ಎಂಬ ರಾಕ್ಷಸನ ಕೈಗೆ ಸಿಕ್ಕಿ ಹಾಳಾದ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟರು. ನೀವೂ ತಲೆಯಾಡಿಸಿದಿರಿ, ನಾನು ನೋಡಿದೆ. ಆದ್ದರಿಂದ ಮಿಡೀಯಾ ಸ್ವಲ್ಪ ಕಾಯಲಿ.

ನನ್ನ ತಕರಾರು ಇಷ್ಟೇ. ಇಯಾಗೊ ಕೆಟ್ಟವನು ಅನ್ನುವುದರಲ್ಲಿ ಅನುಮಾನವಿಲ್ಲ. ವೆನಿಸಿನ ಕರಿಯ ಸೇನಾಪತಿ ಒಥೆಲೊ, ತನ್ನ ಕೈಕೆಳಗಿನ ಇಯಾಗೊನ ಮಾತು ಕೇಳಿ, ಬಿಳಿಯ ಹೆಂಡತಿ ಡೆಸ್ಡಿಮೋನಾ ತನಗೆ ದ್ರೋಹ ಮಾಡಿದಳೆಂದು ನಂಬಿ ಅವಳನ್ನು ಕೊಂದ. ಆದರೆ ಆ ಕೊಲೆಗೆ ಇಯಾಗೊ ಹೂಡಿದ ಬಂಡವಾಳ ಬಹಳ ಕಡಿಮೆ. ಉಳಿದದ್ದನ್ನೆಲ್ಲ ಕೇಳಿಸಿಕೊಂಡವನೇ ಹಾಕಿಕೊಂಡ.

ಮೂರನೇ ಅಂಕದ ಮೂರನೇ ದೃಶ್ಯ ನಿಮಗೆಲ್ಲ ಗೊತ್ತಿರುವುದೇ. ಒಥೆಲೊನ ಲೆಫ್ಟಿನೆಂಟ್ ಕ್ಯಾಸಿಯೊ ಕೆಲಸ ಕಳೆದುಕೊಂಡಿದ್ದಾನೆ, ಡೆಸ್ಡಿಮೋನಾಳ ಹತ್ತಿರ ಶಿಫಾರಸು ಕೇಳಲು ಬಂದಿದ್ದಾನೆ. ಒಥೆಲೊ ಬರುವುದು ಕಂಡು, ಮುಖ ತೋರಿಸಲಾರದೆ ಹೊರಟುಹೋಗುತ್ತಾನೆ. ಆಗ ಇಯಾಗೊ ತನ್ನಷ್ಟಕ್ಕೆ ಅಂದುಕೊಂಡವನ ಹಾಗೆ, ‘ಛೆ, ಇದು ನನಗೆ ಸರಿಕಾಣಲಿಲ್ಲ’ ಅನ್ನುತ್ತಾನೆ. ‘ಏನಂದೆ?’ ‘ಏನಿಲ್ಲ ಪ್ರಭು.’ ‘ಈಗ ಹೋದವನು ಕ್ಯಾಸಿಯೊ ಅಲ್ಲವೆ?’ ‘ಕ್ಯಾಸಿಯೊನೇ? ಇರಲಾರದು. ನಿಮ್ಮನ್ನು ಕಂಡು ತಪ್ಪು ಮಾಡಿದವನ ಹಾಗೆ ಅವನೇಕೆ ನುಸುಳಿಕೊಂಡು ಹೋಗುತ್ತಾನೆ?’

ನೋಡಿ, ಎಲ್ಲಿದೆ ಆರೋಪ? ನ್ಯಾಯಾಲಯಕ್ಕೆ ಹೋದರೆ ಇಯಾಗೊ ‘ನಾನು ಸ್ನೇಹಿತನ ಪರವಾಗಿಯೇ ಮಾತಾಡಿದೆ’ ಎಂದು ಗೆದ್ದು ಬರುತ್ತಾನೆ. ಆಮೇಲೆ ಇನ್ನೊಂದು ಪ್ರಶ್ನೆ: ‘ನೀವು ಅಮ್ಮನವರನ್ನು ಪ್ರೀತಿಸುತ್ತಿದ್ದದ್ದು ಕ್ಯಾಸಿಯೊಗೆ ಗೊತ್ತಿತ್ತೇ?’ ‘ಗೊತ್ತಿತ್ತು. ಯಾಕೆ ಕೇಳಿದೆ?’ ‘ಸುಮ್ಮನೆ.’ ಈ ‘ಸುಮ್ಮನೆ’ಯಷ್ಟು ಅಪಾಯದ ಉತ್ತರ ಇನ್ನೊಂದಿಲ್ಲ. ಒಥೆಲೊ ಏನು ಕೇಳಿದರೂ ಇಯಾಗೊ ಅದೇ ಮಾತನ್ನು ತಿರುಗಿಸಿ ಕೇಳುತ್ತಾನೆ. ‘ಪ್ರಾಮಾಣಿಕನೇ, ಪ್ರಭು?’ ‘ನನಗೇನನ್ನಿಸುತ್ತದೆಯೇ, ಪ್ರಭು?’ ಒಥೆಲೊಗೇ ರೇಗಿಹೋಗುತ್ತದೆ, ‘ಇವನೇನು ನನ್ನ ಮಾತನ್ನೇ ಪ್ರತಿಧ್ವನಿಸುತ್ತಾನೆ!’ ಎಂದು. ಇಯಾಗೊ ಹಸಿ ಸುಳ್ಳು ಹೇಳುವುದು, ಕ್ಯಾಸಿಯೊ ನಿದ್ದೆಯಲ್ಲಿ ಡೆಸ್ಡಿಮೋನಾಳ ಹೆಸರು ಕನವರಿಸಿದ ಅಂತ ಕಥೆ ಕಟ್ಟುವುದು, ಎಲ್ಲ ಆಮೇಲೆ. ಅಷ್ಟು ಹೊತ್ತಿಗೆ ಅದರ ಅಗತ್ಯವೇ ಉಳಿದಿರಲಿಲ್ಲ.

ಶಕುನಿಯನ್ನು ಇಲ್ಲಿಗೆ ಎಳೆದುತರುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಶಕುನಿಯ ಕೈಯಲ್ಲಿ ದಾಳ ಇತ್ತು, ಸಭೆಯ ಕಣ್ಣೆದುರೇ ಆಟ ನಡೆಯಿತು. ಇಯಾಗೊನ ಕೈಯಲ್ಲಿ ಏನಿತ್ತು? ಒಂದು ಕರವಸ್ತ್ರ: ಒಥೆಲೊ ಹೆಂಡತಿಗೆ ಕೊಟ್ಟದ್ದು, ಇಯಾಗೊ ಅದನ್ನು ಕ್ಯಾಸಿಯೊನ ಕೋಣೆಗೆ ಸೇರಿಸಿ ಪುರಾವೆ ಮಾಡಿದ. ಅದನ್ನೂ ಅವನು ಕದ್ದದ್ದಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಶೇಕ್ಸ್‌ಪಿಯರ್‌ಗೆ ಈ ಕಥೆ ಸಿಕ್ಕಿದ್ದು ಇಟಲಿಯ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಿಂದ. ಆ ಕಥೆಯಲ್ಲಿ ಖಳ ತನ್ನ ಪುಟ್ಟ ಮಗಳನ್ನು ಡೆಸ್ಡಿಮೋನಾಳ ಮಡಿಲಿಗೆ ಕೊಟ್ಟು, ಅವಳು ಮಗುವನ್ನು ಮುದ್ದಿಸುತ್ತಿರುವಾಗ ಕರವಸ್ತ್ರ ಎಗರಿಸುತ್ತಾನೆ. ಶೇಕ್ಸ್‌ಪಿಯರ್ ಏನು ಮಾಡಿದ? ಒಥೆಲೊ ತಲೆನೋವು ಅನ್ನುತ್ತಾನೆ. ಹೆಂಡತಿ ಅವನ ಹಣೆಗೆ ಅದೇ ಕರವಸ್ತ್ರವನ್ನು ಕಟ್ಟಲು ಹೋಗುತ್ತಾಳೆ. ‘ಇದು ಸಾಲದು’ ಅಂತ ಅವನು ತಳ್ಳುತ್ತಾನೆ, ಅದು ಕೆಳಗೆ ಬೀಳುತ್ತದೆ, ‘ಬಿಡು ಅದನ್ನ’ ಎಂದು ಅವಳನ್ನು ಕರೆದುಕೊಂಡು ಒಳಗೆ ನಡೆಯುತ್ತಾನೆ. ಅಂದರೆ ಪುರಾವೆ ನೆಲಕ್ಕೆ ಬಿದ್ದದ್ದು ಗಂಡನ ಕೈಯಿಂದ, ಗಂಡನ ಕಣ್ಣೆದುರು! ಆಮೇಲೆ ಅದೇ ಮನುಷ್ಯ ‘ಕರವಸ್ತ್ರ ಎಲ್ಲಿ? ಕರವಸ್ತ್ರ ಎಲ್ಲಿ?’ ಎಂದು ಅಬ್ಬರಿಸುತ್ತಾನೆ. 1693ರಲ್ಲಿ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ ಈ ನಾಟಕವನ್ನು ಲೇವಡಿ ಮಾಡಿ, ಇದರಿಂದ ಗೃಹಿಣಿಯರು ಕಲಿಯಬೇಕಾದ್ದು ಬಟ್ಟೆಬರೆ ಜೋಪಾನ ಮಾಡುವುದನ್ನು ಎಂದ. ರೈಮರ್ ಮಹಾಶಯ ನಾಟಕ ಓದಿದ್ದೇನೋ ಹೌದು, ಕರವಸ್ತ್ರ ಬೀಳಿಸಿದವರು ಯಾರು ಎಂಬುದನ್ನು ಮಾತ್ರ ಗಮನಿಸಲಿಲ್ಲ.

ಇಯಾಗೊ ಇದನ್ನೆಲ್ಲ ಮಾಡಲು ಕಾರಣ ಏನು ಅಂತ ಕೇಳುತ್ತೀರಿ. ಚಿಂತಿಯೊನ ಖಳನಿಗೆ ಸ್ಪಷ್ಟ ಕಾರಣವಿದೆ: ಅವಳನ್ನು ಬಯಸಿದ, ಅವಳು ಒಲಿಯಲಿಲ್ಲ. ಶೇಕ್ಸ್‌ಪಿಯರ್ ಅದನ್ನು ಬಹುಪಾಲು ಅಳಿಸಿಹಾಕಿ ಚಿಲ್ಲರೆ ಕಾರಣಗಳನ್ನು ಗುಡ್ಡೆ ಹಾಕಿ ಇಯಾಗೊನ ಬಾಯಲ್ಲಿ ಹೇಳಿಸಿದ. ಬಡ್ತಿ ಕ್ಯಾಸಿಯೊಗೆ ಹೋಯಿತು. ನನ್ನ ಹೆಂಡತಿ ಜೊತೆ ಒಥೆಲೊ ಮಲಗಿದನಂತೆ, ನಿಜವೋ ಸುಳ್ಳೋ, ನಿಜ ಅಂತಲೇ ಇಟ್ಟುಕೊಳ್ಳುತ್ತೇನೆ. ಕ್ಯಾಸಿಯೊನ ಬದುಕಿನ ಚೆಂದದ ಮುಂದೆ ನಾನು ಕುರೂಪಿಯಾಗಿ ಕಾಣುತ್ತೇನೆ. ಉದ್ದೇಶವೇ ಇಲ್ಲದ ಕೇಡು ಉದ್ದೇಶಕ್ಕಾಗಿ ತಡಕಾಡುತ್ತಿದೆ ಅಂತ ಇಂಗ್ಲಿಷ್ ಕವಿ ಕೋಲ್‌ರಿಜ್ ಹೇಳಿದ್ದು ಇದನ್ನೇ. ಬಡ್ತಿಯೇ ಕಾರಣವಾಗಿದ್ದರೆ ಮೂರನೇ ಅಂಕದ ಆ ದೃಶ್ಯ ಮುಗಿಯುವಾಗ ಒಥೆಲೊ ‘ಇನ್ನು ನೀನೇ ನನ್ನ ಲೆಫ್ಟಿನೆಂಟ್’ ಅಂದನಲ್ಲ? ಅಲ್ಲಿಗೆ ಇಯಾಗೊ ಮನೆಗೆ ಹೋಗಿ ನಿದ್ದೆ ಮಾಡಬೇಕಿತ್ತು.

ನನಗೆ ಪ್ರಿಯವಾದ ಒಂದು ಪ್ರಸಂಗವಿದೆ. ಎಲ್ಲಿ ಒಥೆಲೊ ಬಗ್ಗೆ ಮಾತಾಡಿದರೂ ಇದನ್ನು ಹೇಳುತ್ತೇನೆ, ಕೇಳಿದವರು ಕ್ಷಮಿಸಿ. ಫ್ರೆಂಚ್ ಲೇಖಕ ಸ್ತೆಂಧಾಲ್ ಬರೆದದ್ದು. 1822ರ ಆಗಸ್ಟ್, ಅಮೆರಿಕದ ಬಾಲ್ಟಿಮೋರ್. ರಂಗಮಂದಿರದೊಳಗೆ ಒಬ್ಬ ಸಿಪಾಯಿ ಕಾವಲಿಗೆ ನಿಂತಿದ್ದಾನೆ. ಪಾಪ, ಡ್ಯೂಟಿ. ಎಲ್ಲರ ಜೊತೆ ಅವನೂ ನಾಟಕ ನೋಡುತ್ತಾನೆ. ಕೊನೆಯ ಅಂಕ ಬಂತು, ಒಥೆಲೊ ಡೆಸ್ಡಿಮೋನಾಳನ್ನು ಕೊಲ್ಲಲು ಹೊರಟ. ಸಿಪಾಯಿ ತಡೆಯಲಾರದೆ, ‘ನನ್ನ ಕಣ್ಣೆದುರು ಒಬ್ಬ ಕರಿಯ ಬಿಳಿ ಹೆಂಗಸನ್ನು ಕೊಂದ ಅಂತ ಆಗಬಾರದು’ ಎಂದು ಕೂಗಿ ಬಂದೂಕು ಎತ್ತಿ ಹಾರಿಸಿಯೇಬಿಟ್ಟ. ಒಥೆಲೊ ಪಾತ್ರಧಾರಿಯ ತೋಳು ಮುರಿಯಿತು. ರಂಗದ ಭ್ರಮೆ ಅಂದರೆ ಏನು ಎಂದು ವಿವರಿಸಲು ಸ್ತೆಂಧಾಲ್ ಇದನ್ನು ಬಳಸುತ್ತಾನೆ. ಜನ ಇದನ್ನು ನಗೆಹನಿಯಾಗಿ ಹೇಳುತ್ತಾರೆ.

ನನ್ನ ಪ್ರಶ್ನೆ ಬೇರೆ. ಆ ಸಿಪಾಯಿ ಇಯಾಗೊಗೆ ಯಾಕೆ ಗುಂಡು ಹೊಡೆಯಲಿಲ್ಲ? ಮೊದಲಿಂದ ನಿಂತು ನೋಡಿದ್ದಾನೆ. ಇಯಾಗೊ ನಮ್ಮ ಕಡೆ ತಿರುಗಿ ತನ್ನ ಹುನ್ನಾರವನ್ನೆಲ್ಲ ಬಾಯಿಬಿಟ್ಟು ಹೇಳಿದ್ದಾನೆ. ವೇದಿಕೆಯ ಮೇಲಿದ್ದವರಿಗೆ ಗೊತ್ತಿಲ್ಲ, ಸಿಪಾಯಿಗೆ ಗೊತ್ತು! ಆದರೂ ಬಂದೂಕು ತಿರುಗಿದ್ದು ಒಥೆಲೊ ಕಡೆಗೆ. ನಾಟಕದ ಮೊದಲ ದೃಶ್ಯದಲ್ಲಿ, ನಡುರಾತ್ರಿ, ಡೆಸ್ಡಿಮೋನಾಳ ಅಪ್ಪ ಬ್ರಬಾನ್ಶಿಯೊನ ಕಿಟಕಿಯ ಕೆಳಗೆ ನಿಂತು ಇಯಾಗೊ ಕೂಗುತ್ತಾನೆ: ಮುದಿ ಕರಿ ಟಗರೊಂದು ನಿಮ್ಮ ಬಿಳಿ ಕುರಿಯನ್ನು ಏರುತ್ತಿದೆ, ಎದ್ದೇಳಿ! ಬಾಲ್ಟಿಮೋರಿನ ಸಿಪಾಯಿಗೆ ಆ ಕೂಗು ಸರಿಯಾಗಿ ನಾಟಿತ್ತು. ಅವನೂ ತನ್ನ ಪಾಲಿನ ಬಂಡವಾಳವನ್ನು ಮನೆಯಿಂದಲೇ ತಂದಿದ್ದ.

ಒಥೆಲೊನ ಒಳಗೂ ಅದೇ ಕೂಗು ಕೂತಿತ್ತು ಅನ್ನುವುದು ಇನ್ನೂ ಕ್ರೂರ. ನಾನು ಕಪ್ಪಗಿದ್ದೇನೆ, ನಯವಾಗಿ ಮಾತಾಡಲು ಬಾರದು, ವಯಸ್ಸೂ ಇಳಿಯುತ್ತಿದೆ, ಅದಕ್ಕೇ ಅವಳು ಕೈತಪ್ಪಿದಳು ಅಂತ ಅವನೇ ಅಂದುಕೊಳ್ಳುತ್ತಾನೆ. ಅಪ್ಪನಿಗೆ ಮೋಸ ಮಾಡಿದವಳು ನಿನಗೂ ಮಾಡಿಯಾಳು ಎಂದು ಮಾವ ಸೆನೆಟ್ಟಿನಲ್ಲಿ ಅಂದಿದ್ದನಲ್ಲ, ಇಯಾಗೊ ಅದನ್ನೇ ಎತ್ತಿ ನೆನಪಿಸುತ್ತಾನೆ. ಸ್ವಂತ ಮಾತು ಖರ್ಚು ಮಾಡುವುದೇ ಇಲ್ಲ, ಎಂಥ ಜಿಪುಣ!

ಚೀಟಿ ಬಂತು, ಹತ್ತು ನಿಮಿಷವಂತೆ. ಮಿಡೀಯಾ ಇವತ್ತಿಗೆ ಇಲ್ಲ.

ಶೇಕ್ಸ್‌ಪಿಯರ್‌ನದೇ ‘ಕಿಂಗ್ ಲಿಯರ್’ ನಾಟಕದ ಎಡ್ಮಂಡ್‌ನನ್ನು ಮಾತ್ರ ಬಿಡಲಾರೆ. ಅಣ್ಣನ ಮೇಲೆ ಅಪ್ಪನನ್ನು ಎತ್ತಿಕಟ್ಟಬೇಕು. ಸುಳ್ಳು ಪತ್ರ ಬರೆದಿದ್ದಾನೆ. ಅದನ್ನು ಅಪ್ಪನ ಕೈಗೆ ಕೊಡುತ್ತಾನೆಯೇ? ಇಲ್ಲ, ಅಪ್ಪ ಬಂದೊಡನೆ ಗಡಿಬಿಡಿಯಿಂದ ಜೇಬಿಗೆ ಹಾಕಿಕೊಳ್ಳುತ್ತಾನೆ. ‘ಏನದು?’ ‘ಏನಿಲ್ಲ.’ ಮತ್ತದೇ ‘ಏನಿಲ್ಲ’! ಏನೂ ಇಲ್ಲದಿದ್ದರೆ ಕನ್ನಡಕ ಬೇಕಾಗುವುದಿಲ್ಲ, ಕೊಡು ಇಲ್ಲಿ ಅಂತ ಮುದುಕ ತಾನೇ ಕೇಳಿ ಪಡೆದು ಓದುತ್ತಾನೆ. ಮುಂದೆ ಅವನ ಕಣ್ಣನ್ನೇ ಕಿತ್ತರು ಎಂಬುದು ನಿಮಗೆ ಗೊತ್ತು.

ಇನ್ನು ‘ದಿ ವಿಂಟರ್ಸ್ ಟೇಲ್’ನ ಲಿಯೊಂಟಿಸ್. ಪೂರ್ತಿ ದುರಂತ ನಾಟಕವಲ್ಲ, ಆದರೂ ನನ್ನ ವಾದಕ್ಕೆ ಸಾಕ್ಷಿ. ಹೆಂಡತಿ ತನ್ನ ಗೆಳೆಯನ ಕೈ ಹಿಡಿದದ್ದು ಕಂಡು ಈ ರಾಜ ನಿಂತಲ್ಲೇ ಹುಚ್ಚನಾಗುತ್ತಾನೆ. ಅಲ್ಲಿ ಇಯಾಗೊ ಇಲ್ಲ. ಆಸ್ಥಾನಿಕರೆಲ್ಲ ‘ಬೇಡ ಪ್ರಭು, ಆಕೆ ನಿರಪರಾಧಿ’ ಎಂದು ಗೋಗರೆಯುತ್ತಾರೆ. ಒಥೆಲೊ ಬರೆದು ಕೆಲವು ವರ್ಷ ಕಳೆದ ಮೇಲೆ ಶೇಕ್ಸ್‌ಪಿಯರ್ ಚಾಡಿಕೋರನನ್ನು ತೆಗೆದುಹಾಕಿ ನೋಡಿದ. ಅಸೂಯೆಗೆ ಏನೂ ಕೊರತೆಯಾಗಲಿಲ್ಲ. ಗೆಳೆಯರು ಇದಕ್ಕೆ ಉತ್ತರ ಹೇಳಬೇಕು.

ಕೊನೆಗೆ ಎಮಿಲಿಯಾ, ಇಯಾಗೊನ ಹೆಂಡತಿ. ಅಸೂಯೆಪಡುವವರಿಗೆ ಕಾರಣ ಬೇಕಿಲ್ಲ, ಅದು ತನ್ನನ್ನು ತಾನೇ ಹೆರುವ ಪಿಶಾಚಿ ಎಂದು ಹೇಳುವವಳು ಅವಳೇ. ಗಂಡನನ್ನು ಎಲ್ಲರೆದುರು ಬಯಲಿಗೆಳೆದು ಅವನ ಕತ್ತಿಗೆ ಬಲಿಯಾಗುವವಳೂ ಅವಳೇ. ಆದರೆ ಅದಕ್ಕೆ ಎಷ್ಟೋ ಮುಂಚೆ, ‘ಕರವಸ್ತ್ರ ಎಲ್ಲಿ ಕಳೆದುಕೊಂಡೆನೋ, ಎಮಿಲಿಯಾ?’ ಎಂದು ಡೆಸ್ಡಿಮೋನಾ ಕೇಳಿದಾಗ, ಎತ್ತಿಕೊಂಡು ಗಂಡನಿಗೆ ಕೊಟ್ಟವಳು ‘ಗೊತ್ತಿಲ್ಲ ಅಮ್ಮ’ ಅನ್ನುತ್ತಾಳೆ. ನಾಟಕ ಅಲ್ಲೇ ನಿಂತುಹೋಗಬಹುದಿತ್ತು. ಒಳ್ಳೆಯ ಹೆಂಗಸು, ಡೆಸ್ಡಿಮೋನಾ ಮೇಲೆ ನಿಜವಾದ ಪ್ರೀತಿ ಇದ್ದವಳು ಆ ಹೊತ್ತಿನಲ್ಲಿ ಏಕೆ ಬಾಯಿ ಮುಚ್ಚಿಕೊಂಡಳು? ಗಂಡನ ಭಯವೇ, ಅವನಿಂದ ಒಂದು ಒಳ್ಳೆಯ ಮಾತು ಸಿಕ್ಕೀತು ಎಂಬ ಆಸೆಯೇ? ನಾನು ಆಸೆ ಅನ್ನುವ ಕಡೆಯವನು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಇದನ್ನೇ ಪ್ರಶ್ನೆಯಾಗಿ ಕೇಳಿದರೆ ಅವರು ಬೇಡ ಅನ್ನಲಾರರು. ನಮಸ್ಕಾರ.