ಮೊದಲು ಚೀಟಿ, ಆಮೇಲೆ ಮಾತು

ಎಲ್ಲರಿಗೂ ನಮಸ್ಕಾರ.

ಮುಂದಿನ ವಾರದಿಂದ ನಿಮ್ಮ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗಳು ಶುರು. ಶೌಚಾಲಯಕ್ಕೆ ನೀರಿಲ್ಲ, ಚಾವಣಿ ಸೋರುತ್ತದೆ, ಮಕ್ಕಳು ಅರ್ಧಕ್ಕೆ ಬಿಡುತ್ತಾರೆ. ಪಟ್ಟಿ ನಿಮಗೇ ಗೊತ್ತು. ಸಭೆ ಹೇಗೆ ನಡೆಯುತ್ತದೆ ಅನ್ನೋದೂ ಗೊತ್ತು. ಅಧ್ಯಕ್ಷರೋ ಹೆಡ್‌ಮಾಸ್ಟರೋ ಮೊದಲು ಮಾತಾಡುತ್ತಾರೆ. ಇನ್ನಿಬ್ಬರು ಅದನ್ನೇ ತಿರುಗಿಸಿ ಹೇಳುತ್ತಾರೆ. ಟೀ ಬರುತ್ತದೆ. ನಡಾವಳಿ ಪುಸ್ತಕಕ್ಕೆ ಸಹಿ ಬೀಳುತ್ತದೆ. ಸಮಸ್ಯೆ ಮಾತ್ರ ಇದ್ದಲ್ಲೇ ಇರುತ್ತದೆ.

ಇದಕ್ಕೆ ಒಂದು ದಾರಿ ಇದೆ. ಮೊದಲು ಎಲ್ಲರೂ ಬರೆಯಿರಿ. ಆಮೇಲೆ ಮಾತಾಡಿ. ಇವತ್ತು ಇದನ್ನು ನಾಲ್ಕೈದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹೆಡ್‌ಮಾಸ್ಟರಾಗಿದ್ದ ಶಾಲೆಯಲ್ಲಿ ಇನ್ನೂರ ನಲವತ್ತು ಮಕ್ಕಳು, ಮೂರು ನಲ್ಲಿ. ಬಿಸಿಯೂಟ ಆದ ಮೇಲೆ ತಟ್ಟೆ ತೊಳೆಯೋಕೆ ನೂಕುನುಗ್ಗಲು. ಚಿಕ್ಕ ಮಕ್ಕಳು ಕೊನೆಗೆ ನಿಲ್ಲಬೇಕು. ಅಂಗಿಯೆಲ್ಲ ಒದ್ದೆ. ಮಧ್ಯಾಹ್ನದ ಮೊದಲ ಪೀರಿಯಡ್ ಅರ್ಧ ಹೋಗೇ ಬಿಡುತ್ತಿತ್ತು. ಸಭೆ ಕರೆದೆ. ‘ಇನ್ನೂ ಆರು ನಲ್ಲಿ ಬೇಕು, ದುಡ್ಡು ಎಲ್ಲಿಂದ ತರೋಣ?’ ಅಂತ ನಾನೇ ಮೊದಲು ಕೇಳಿದೆ. ಅಲ್ಲಿಗೆ ಮುಗಿಯಿತು. ಒಂದು ಗಂಟೆ ಬರೀ ದುಡ್ಡಿನ ಮಾತು. ಹೊಸದಾಗಿ ಬಂದಿದ್ದ ಟೀಚರ್ ಒಬ್ಬರು, ‘ಸಾರ್, ತಟ್ಟೆ ತೊಳೆಯೋಕೆ ನಲ್ಲಿನೇ ಯಾಕೆ ಬೇಕು?’ ಅಂದರು. ಎಲ್ಲರೂ ನಕ್ಕರು. ‘ಸುಮ್ನಿರಮ್ಮ’ ಅಂದೆ ನಾನು. ಆ ಸಭೆಯಲ್ಲಿ ಅವರು ಮತ್ತೆ ಬಾಯಿ ತೆರೆಯಲಿಲ್ಲ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ತಿಂಗಳಾದರೂ ನಲ್ಲಿ ಬರಲಿಲ್ಲ. ಎರಡನೇ ಸಭೆಗೆ ಅಡುಗೆಯ ಅಕ್ಕನನ್ನೂ ಏಳನೇ ತರಗತಿಯ ನಾಲ್ಕು ಮಕ್ಕಳನ್ನೂ ಕರೆದೆವು. ಹಳೆಯ ನೋಟ್‌ಬುಕ್ ಹಾಳೆ ಹರಿದು ಎಲ್ಲರಿಗೂ ಕೊಟ್ಟೆವು. ಹೆಸರು ಬರೆಯುವಂತಿಲ್ಲ, ಹತ್ತು ನಿಮಿಷ ಮಾತಿಲ್ಲ. ಅಕ್ಕನಿಗೆ ಬರೆಯೋಕೆ ಬರುತ್ತಿರಲಿಲ್ಲ. ಅವರು ಕಿವಿಯಲ್ಲಿ ಹೇಳಿದ್ದನ್ನು ಒಬ್ಬ ಹುಡುಗಿ ಬರೆದುಕೊಟ್ಟಳು.

ಚೀಟಿಗಳನ್ನು ಗಟ್ಟಿಯಾಗಿ ಓದಿದೆವು. ‘ನಲ್ಲಿನೇ ಯಾಕೆ ಬೇಕು?’ ಅನ್ನೋ ಪ್ರಶ್ನೆ ಮತ್ತೆ ಬಂದಿತ್ತು. ಈ ಸಲ ಯಾರೂ ನಗಲಿಲ್ಲ. ಎರಡು ಚೀಟಿ ಆದ ಮೇಲೆ ಅಕ್ಕನ ಚೀಟಿ: ‘ಮದುವೆ ಮನೆಯಲ್ಲಿ ಪಾತ್ರೆ ತೊಳೆಯೋಕೆ ಸಾಲಾಗಿ ಮೂರು ಬಾನಿ ಇಡ್ತೀವಲ್ಲ, ಹಾಗೆ ಇಡಿ.’ ಪ್ರಶ್ನೆ ಟೀಚರದ್ದು, ಉತ್ತರ ಅಕ್ಕನದ್ದು. ಇನ್ನೊಂದು ಚೀಟಿ ಒಬ್ಬ ಹುಡುಗನದ್ದು: ‘ಚಿಕ್ಕವರಿಗೆ ಬೆಲ್ ಮೊದಲು ಹೊಡೀರಿ.’ ಮೂರನ್ನೂ ಸೇರಿಸಿದೆವು. ಎಂಜಲಿಗೆ ಒಂದು ಬಕೆಟ್, ಆಮೇಲೆ ಮೂರು ಬಾನಿ, ಎರಡು ಬೆಲ್. ನಲ್ಲಿ ನೀರು ಬಾನಿ ತುಂಬೋಕೆ, ಕುಡಿಯೋಕೆ. ಮೊದಲ ಬಾನಿಯ ನೀರು ನುಗ್ಗೆ ಗಿಡಕ್ಕೆ. ವಾರದೊಳಗೆ ಮಧ್ಯಾಹ್ನದ ಪೀರಿಯಡ್ ಸರಿಯಾದ ಹೊತ್ತಿಗೆ ಶುರುವಾಯಿತು. ಆರು ನಲ್ಲಿಯ ದುಡ್ಡು ಹುಡುಕಬೇಕಾಗೇ ಇರಲಿಲ್ಲ.

ಮುಂದಿನ ಸಾಲಿನವರು ತಲೆಯಾಡಿಸುತ್ತಿದ್ದೀರಿ. ನಿಮ್ಮ ಶಾಲೆಗಳಲ್ಲೂ ಇಂಥ ಅಕ್ಕಂದಿರು ಇದ್ದಾರೆ, ಅಲ್ವಾ?

ಗುಂಪಾಗಿ ಯೋಚಿಸೋಕೆ ನಿಯಮ ಬರೆದವರಲ್ಲಿ ಹೆಸರಾದವರು ಅಮೆರಿಕದ ಜಾಹೀರಾತು ಕಂಪನಿಯೊಂದರ ಅಲೆಕ್ಸ್ ಆಸ್ಬಾರ್ನ್. 1953ರಲ್ಲಿ ಪುಸ್ತಕವನ್ನೇ ಬರೆದರು. ತೀರ್ಪು ಆಮೇಲೆ ಕೊಡಿ. ವಿಚಾರ ಜಾಸ್ತಿ ಬರಲಿ. ಹುಚ್ಚು ವಿಚಾರವೂ ಬರಲಿ. ಒಬ್ಬರದ್ದಕ್ಕೆ ಇನ್ನೊಬ್ಬರದ್ದನ್ನು ಜೋಡಿಸಿ. ನಾಲ್ಕೂ ಒಳ್ಳೆಯ ಮಾತೇ. ನಾನು ಆ ಟೀಚರ್‌ಗೆ ಮಾಡಿದ್ದು ಮೊದಲನೆಯದಕ್ಕೇ ವಿರುದ್ಧ.

ಆದರೆ ಗುಂಪಾಗಿ ಕೂತು ಮಾತಾಡಿದರೆ ವಿಚಾರ ಜಾಸ್ತಿ ಬರುತ್ತದೆ ಅಂತಲೂ ಅವರು ನಂಬಿದ್ದರು. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿದರು. ನಾಲ್ಕು ಜನ ಒಟ್ಟಿಗೆ ಕೂತು ಯೋಚಿಸಿದ್ದು ಒಂದು ಕಡೆ. ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿದ್ದನ್ನು ಒಟ್ಟು ಮಾಡಿ, ಒಂದೇ ಥರದ್ದನ್ನು ತೆಗೆದುಹಾಕಿದ್ದು ಇನ್ನೊಂದು ಕಡೆ. ಬೇರೆ ಬೇರೆ ಕೂತವರದ್ದೇ ಹೆಚ್ಚುಕಡಿಮೆ ಎರಡು ಪಟ್ಟು! ಯಾಕೆ ಅನ್ನೋದನ್ನು ಡೀಲ್ ಮತ್ತು ಸ್ಟ್ರೋಬೆ ಅನ್ನೋ ಇಬ್ಬರು ಮನೋವಿಜ್ಞಾನಿಗಳು 1987ರಲ್ಲಿ ತೋರಿಸಿದರು. ಸಭೆಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ತಮ್ಮ ಸರದಿ ಕಾಯುವ ಹೊತ್ತಿಗೆ ಉಳಿದವರ ವಿಚಾರ ನಿಂತುಹೋಗುತ್ತದೆ, ಇಲ್ಲವೇ ಮರೆತೇಹೋಗುತ್ತದೆ. ಚೀಟಿಗೆ ಸರದಿ ಇಲ್ಲ. ಹತ್ತು ಜನ ಒಟ್ಟಿಗೇ ಬರೆಯಬಹುದು. ಮಾತು ಬೇಡ ಅನ್ನುತ್ತಿಲ್ಲ. ಬಾನಿಯನ್ನೂ ಬೆಲ್ಲನ್ನೂ ಜೋಡಿಸಿದ್ದು ಮಾತೇ. ಮೊದಲು ಬರೆಯಿರಿ, ಆಮೇಲೆ ಮಾತಾಡಿ.

ಇನ್ನೊಂದು, ಪ್ರಶ್ನೆಯ ವಿಷಯ. ಎತ್ತಿನಗಾಡಿ ಮೇಲೆ ಉಪಗ್ರಹ ಕೂತಿರುವ ಫೋಟೊ ನೀವೆಲ್ಲ ನೋಡಿದ್ದೀರಿ. ಅದು ನಮ್ಮ ಆ್ಯಪಲ್ ಉಪಗ್ರಹ, 1981ರ ಜೂನ್ 19ರಂದು ಹಾರಿತು. ಫೋಟೊ ನೋಡಿದವರು ‘ಪಾಪ, ಲಾರಿಗೂ ಗತಿ ಇರಲಿಲ್ಲ’ ಅಂತಾರೆ. ನನಗೆ ತುಂಬಾ ನೋವಾಗುತ್ತದೆ. ಅಲ್ಲಿ ನಡೆಯುತ್ತಿದ್ದದ್ದು ಆಂಟೆನಾ ಪರೀಕ್ಷೆ. ಲಾರಿಯ ಲೋಹದ ಮೈ ರೇಡಿಯೋ ಅಲೆಗಳಿಗೆ ಅಡ್ಡ ಬರುತ್ತದೆ. ‘ಒಳ್ಳೆಯ ಗಾಡಿ ಯಾವುದು?’ ಅಂತ ಕೇಳಿದರೆ ಉತ್ತರ ಲಾರಿ. ‘ಲೋಹ ಆದಷ್ಟು ಕಡಿಮೆ ಇರುವ ಗಾಡಿ ಯಾವುದು?’ ಅಂತ ಕೇಳಿದರೆ ಮರದ ಗಾಡಿ, ಎತ್ತಿನಗಾಡಿ. ನಾನು ‘ನಲ್ಲಿಗೆ ದುಡ್ಡು ಎಲ್ಲಿ?’ ಅಂತ ಕೇಳಿದ್ದೆ. ‘ಮಕ್ಕಳ ತಟ್ಟೆ ಬೇಗ ತೊಳೆಯೋದು ಹೇಗೆ?’ ಅಂತ ಕೇಳಬೇಕಿತ್ತು.

ಹತ್ತು ನಿಮಿಷ ಉಳಿದಿದೆ ಅಂತ ಆಯೋಜಕರು ಸನ್ನೆ ಮಾಡುತ್ತಿದ್ದಾರೆ. ಮತ ಹಾಕಿ ಆರಿಸುವುದು, ಜಗಳ ಬಂದಾಗ ಏನು ಮಾಡುವುದು, ಇದೆಲ್ಲ ಹೇಳಬೇಕಿತ್ತು. ಎರಡೇ ಮಾತು ಹೇಳುತ್ತೇನೆ. ಓದುವಾಗ ಕಿರಿಯರು ಮೊದಲು, ಹೆಡ್‌ಮಾಸ್ಟರ್ ಕೊನೆಗೆ. ಒಪ್ಪಿಕೊಂಡದ್ದನ್ನು ಒಂದು ವಾರ ಮಾಡಿ ನೋಡಿ, ಆಮೇಲೆ ಮತ್ತೆ ಕೂರಿ.

ಉಳಿದ ಹೊತ್ತು ನಿಮ್ಮದು. ನಿಮ್ಮ ಕುರ್ಚಿಯ ಮೇಲೆ ಒಂದೊಂದು ಚೀಟಿ ಇಟ್ಟಿದ್ದೇವೆ. ನಿಮ್ಮ ಶಾಲೆಯ ಒಂದು ಕಷ್ಟವನ್ನು ಪ್ರಶ್ನೆಯಾಗಿ ಬರೆಯಿರಿ. ಅದರಲ್ಲಿ ದುಡ್ಡು ಅನ್ನೋ ಪದ ಬೇಡ. ಪಕ್ಕದವರಿಗೆ ಕೊಡಿ. ಅವರು ಕೆಳಗೆ ಒಂದು ಉಪಾಯ ಬರೆದು ಮುಂದಕ್ಕೆ ಕೊಡಲಿ. ಹಿಂದೆ ನಿಂತಿರುವ ಅಡುಗೆಯ ಅಕ್ಕಂದಿರೇ, ನೀವೂ ಬನ್ನಿ, ಇಲ್ಲಿ ಮುಂದೆ ಜಾಗ ಇದೆ. ಪೆನ್ ಇಲ್ಲದವರು ಕೈ ಎತ್ತಿ.