ಹೂರಣ ತುಂಬಿದ ಟೆಂಡರ್‌ಲಾಯಿನ್

ಕೇಳುಗರೆ, ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ, ವಿರಾಜಪೇಟೆಯ ಹತ್ತಿರ. ಮದುವೆಯಾಗಿ ಹೋದದ್ದು ಅಮೆರಿಕದ ಅಯೋವಾ ರಾಜ್ಯಕ್ಕೆ. ಆ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಹಂದಿ ಸಾಕುವ ರಾಜ್ಯ ಅದು. ಪಂದಿ ಕರಿಯ ಮನೆಯಿಂದ ಬಂದವಳಿಗೆ ಅಲ್ಲಿ ಅಡುಗೆಗೆ ಏನು ಕಷ್ಟ ಅಂದುಕೊಂಡಿದ್ದೆ. ಮೊದಲ ವಾರವೇ ಅಂಗಡಿಯಲ್ಲಿ ಒಂದು ಉದ್ದನೆಯ ತುಂಡು ಕಂಡಿತು. ಒಂದು ಅಡಿ ಉದ್ದ, ಮಗುವಿನ ತೋಳಿನಷ್ಟು ದಪ್ಪ. ಚರ್ಮವಿಲ್ಲ, ಮೂಳೆಯಿಲ್ಲ, ಬಿಳಿ ಕೊಬ್ಬಿನ ಪದರವೂ ಇಲ್ಲ. ಹೆಸರು ಟೆಂಡರ್‌ಲಾಯಿನ್. ಬೆಲೆಯೂ ಉಳಿದ ತುಂಡುಗಳಿಗಿಂತ ಹೆಚ್ಚು. ಒಳ್ಳೆಯದೇ ಇರಬೇಕು ಅಂತ ತಂದು, ಅವ್ವ ಮಾಡುವ ಹಾಗೆ ಹೆಚ್ಚಿ, ಮಸಾಲೆ ಹಾಕಿ, ಒಂದೂವರೆ ಗಂಟೆ ಬೇಯಿಸಿದೆ. ಬಾಯಿಗಿಟ್ಟರೆ ಒಣಗಿದ ನಾರು. ಅಗಿದಷ್ಟೂ ಅಗಿಯಬೇಕು, ರಸವೇ ಇಲ್ಲ. ಆ ದಿನ ತುಂಬಾ ಬೇಸರವಾಯಿತು. ಆಮೇಲೆ ಈ ತುಂಡಿನ ಗುಣ ತಿಳಿದುಕೊಳ್ಳಲು ಕೂತೆ.

ಅದರ ಗುಣ ಹೀಗಿದೆ. ಹಂದಿಯ ಬೆನ್ನುಮೂಳೆಯ ಒಳಬದಿಯಲ್ಲಿ, ಸೊಂಟದ ಹತ್ತಿರ, ಆಚೆಗೊಂದು ಈಚೆಗೊಂದು ಸ್ನಾಯು ಇರುತ್ತದೆ. ಒಂದು ಹಂದಿಗೆ ಎರಡೇ. ಒಂದೊಂದೂ ಸುಮಾರು ಅರ್ಧ ಕಿಲೋ ತೂಗುತ್ತದೆ. ಮೈಯ ಭಾರ ಹೊರುವುದು ಹೆಗಲು ಮತ್ತು ತೊಡೆ. ಈ ಒಳಸ್ನಾಯುವಿಗೆ ಕೆಲಸ ಕಡಿಮೆ, ಅದಕ್ಕೇ ಅದು ಅಷ್ಟು ಮೆತ್ತಗೆ. ನಾವು ಪಂದಿ ಕರಿಗೆ ಹಾಕುವ ತುಂಡುಗಳಲ್ಲಿ ಚರ್ಮ, ಕೊಬ್ಬು, ಅಂಟು ನಾರು ಎಲ್ಲ ಇರುತ್ತವೆ. ಹೊತ್ತು ಹೋದ ಹಾಗೆ ಆ ನಾರು ಕರಗಿ ಗ್ರೇವಿಗೆ ಮಂದ ಕೊಡುತ್ತದೆ. ಟೆಂಡರ್‌ಲಾಯಿನ್‌ನಲ್ಲಿ ಕರಗಲು ಏನೂ ಇಲ್ಲ. ಹೆಚ್ಚು ಹೊತ್ತು ಇಟ್ಟರೆ ಅದು ತನ್ನ ನೀರನ್ನೆಲ್ಲ ಹಿಂಡಿ ಹೊರಗೆ ಹಾಕುತ್ತದೆ, ಅಷ್ಟೇ.

ಅಮೆರಿಕದ ಹಂದಿಗಳೇ ಈಗ ತೆಳ್ಳಗಾಗಿವೆ ಅನ್ನುವುದನ್ನೂ ಹೇಳಬೇಕು. ಜನ ಕೊಬ್ಬಿಗೆ ಹೆದರಿ ಕೋಳಿಯ ಕಡೆ ವಾಲಿದಾಗ, 1987ರಲ್ಲಿ ಅಲ್ಲಿನ ಹಂದಿ ಸಾಕುವವರ ಮಂಡಳಿ ‘ಇದೂ ಬಿಳಿ ಮಾಂಸವೇ’ ಅಂತ ದೊಡ್ಡ ಜಾಹೀರಾತು ಶುರು ಮಾಡಿತು. ಕೊಬ್ಬು ಕಡಿಮೆ ಇರುವ ತಳಿಗಳನ್ನೇ ಬೆಳೆಸುತ್ತಾ ಹೋದರು. ಇವತ್ತು ಟೆಂಡರ್‌ಲಾಯಿನ್‌ನಲ್ಲಿರುವ ಕೊಬ್ಬು ಚರ್ಮ ತೆಗೆದ ಕೋಳಿಯ ಎದೆಮಾಂಸಕ್ಕೆ ಹತ್ತಿರ ಹತ್ತಿರ. ಆರೋಗ್ಯಕ್ಕೆ ಒಳ್ಳೆಯದು, ಸರಿ. ಆದರೆ ನಾಲಿಗೆಗೆ ಬೇಕಾದ ಜಿಡ್ಡು ಎಲ್ಲಿಂದ ಬರಬೇಕು? ಹೂರಣ ತುಂಬುವುದು ಅದಕ್ಕೇ. ನೋಡಲು ಚೆಂದ ಅಂತ ಸುಮ್ನೆ ತುಂಬುವುದಲ್ಲ ಇದು. ಮಾಂಸದಲ್ಲಿ ಇಲ್ಲದ್ದನ್ನು ಹೂರಣ ಕೊಡಬೇಕು: ಸ್ವಲ್ಪ ಜಿಡ್ಡು, ಸ್ವಲ್ಪ ಹುಳಿ, ಸ್ವಲ್ಪ ತೇವ. ಒಣ ಬ್ರೆಡ್ ಪುಡಿಯನ್ನಷ್ಟೇ ತುಂಬಿದರೆ ಅದು ಇದ್ದ ರಸವನ್ನೂ ಹೀರಿಕೊಳ್ಳುತ್ತದೆ.

ರಾತ್ರಿ ಊಟಕ್ಕೆ ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ನಾಲ್ಕು ಜನಕ್ಕೆ ಸುಮಾರು 600 ಗ್ರಾಂನ ಒಂದು ತುಂಡು ಸಾಕು.

ಮೊದಲು ಮಾಂಸದ ಮೇಲಿರುವ ಬೆಳ್ಳಿಯ ಹಾಗೆ ಹೊಳೆಯುವ ತೆಳು ಪೊರೆಯನ್ನು ತೆಗೆಯಬೇಕು. ಅದು ಎಷ್ಟು ಬೆಂದರೂ ಕರಗುವುದಿಲ್ಲ. ಬಿಸಿಗೆ ಮುದುಡಿ ಇಡೀ ತುಂಡನ್ನು ಬಿಲ್ಲಿನ ಹಾಗೆ ಬಗ್ಗಿಸಿಬಿಡುತ್ತದೆ. ಚಾಕುವಿನ ತುದಿಯನ್ನು ಪೊರೆಯ ಕೆಳಗೆ ತೂರಿಸಿ, ಅಲಗನ್ನು ಸ್ವಲ್ಪ ಮೇಲ್ಮುಖ ಮಾಡಿ ಎಳೆದರೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಆಮೇಲೆ ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಉಪ್ಪು ಕರಗಿಸಿ, ಮಾಂಸವನ್ನು ಅದರಲ್ಲಿ ಮುಳುಗಿಸಿ ಒಂದು ಗಂಟೆ ಫ್ರಿಜ್‌ನಲ್ಲಿ ಇಡಿ. ಉಪ್ಪುನೀರಲ್ಲಿ ನೆನೆಸುವ ಈ ಕೆಲಸವನ್ನು ತಪ್ಪಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಷ್ಟರಲ್ಲಿ ಹೂರಣ ಆಗುತ್ತದೆ. ಬಾಣಲೆಯಲ್ಲಿ ಮೂರು ನಾಲ್ಕು ಎಳೆ ಬೇಕನ್, ಅಂದರೆ ಉಪ್ಪು ಹಾಕಿ ಹೊಗೆ ಹಿಡಿಸಿದ ಹಂದಿಮಾಂಸ, ಹೆಚ್ಚಿ ಹುರಿಯಿರಿ, ಅದರ ಜಿಡ್ಡು ಬಿಡಲಿ. ಬೇಕನ್ ಇಲ್ಲದಿದ್ದರೆ ಬೆಣ್ಣೆ. ಅದರಲ್ಲೇ ಒಂದು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಒಂದು ಹುಳಿ ಹಸಿರು ಸೇಬು, ಎಲ್ಲವನ್ನೂ ಸಣ್ಣಗೆ ಹೆಚ್ಚಿ ಹಾಕಿ. ಸೇಬಿನ ಮಾತು ಬಂದಾಗ ನೆನಪಾಯಿತು. ರೆಡ್ ಡಿಲಿಶಿಯಸ್ ಅನ್ನುವ ಕೆಂಪು ಸೇಬು ಹುಟ್ಟಿದ್ದೇ ಅಯೋವಾದಲ್ಲಿ, 19ನೇ ಶತಮಾನದಲ್ಲಿ, ಒಬ್ಬ ರೈತನ ತೋಟದಲ್ಲಿ ತಾನಾಗಿ ಬೆಳೆದ ಸಸಿಯಿಂದ. ಆ ನೆಲದ ಸೇಬನ್ನೇ ಹಾಕೋಣ ಅಂತ ನನಗೂ ಆಸೆಯಿತ್ತು. ಆದರೆ ಅದು ಬಿಸಿಗೆ ಹಿಟ್ಟಾಗುತ್ತದೆ, ಹುಳಿಯೂ ಸಾಲದು. ಹಸಿರು ಸೇಬೇ ಸರಿ. ಕೊನೆಗೆ ಒಂದು ಹಿಡಿ ಬ್ರೆಡ್ ಪುಡಿ, ಸೇಜ್ ಅನ್ನುವ ಘಮದ ಸೊಪ್ಪಿನ ನಾಲ್ಕು ಎಲೆ, ಆಗ ಕುಟ್ಟಿದ ಕಾಳುಮೆಣಸು. ಮೆಣಸು ಮಾತ್ರ ನಮ್ಮ ತೋಟದ್ದು, ಊರಿಗೆ ಬಂದಾಗಲೆಲ್ಲ ಒಯ್ಯುತ್ತೇನೆ. ಎಲ್ಲ ಸೇರಿ ಒಂದು ಲೋಟಕ್ಕಿಂತ ಹೆಚ್ಚಾಗಬಾರದು. ಆಸೆಪಟ್ಟು ಜಾಸ್ತಿ ತುಂಬಿದರೆ ಕಟ್ಟುವಾಗಲೇ ಹೊರಗೆ ಬರುತ್ತದೆ.

ಈಗ ಮಾಂಸವನ್ನು ಉಪ್ಪುನೀರಿನಿಂದ ತೆಗೆದು ಚೆನ್ನಾಗಿ ಒರೆಸಿ. ಉದ್ದಕ್ಕೂ ಮಧ್ಯದಲ್ಲಿ ಸೀಳಿ, ಆದರೆ ಪೂರ್ತಿ ಅಲ್ಲ. ಕೆಳಗೆ ಒಂದು ಸೆಂಟಿಮೀಟರ್ ಉಳಿಸಿ ಪುಸ್ತಕದ ಹಾಗೆ ತೆರೆಯಿರಿ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಲಟ್ಟಣಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಬಡಿಯಿರಿ. ಎಲ್ಲ ಕಡೆ ಒಂದು ಸೆಂಟಿಮೀಟರ್ ದಪ್ಪ ಬರಲಿ. ತೂತು ಬೀಳಬಾರದು. ಹೂರಣ ಹರಡಿ, ಅಂಚಿನಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ. ಬಾಲದ ಹಾಗೆ ತೆಳ್ಳಗಾಗುವ ತುದಿಯನ್ನು ಒಳಗೆ ಮಡಚಿ, ಇಲ್ಲದಿದ್ದರೆ ಅಲ್ಲಿ ಬೇಗ ಒಣಗುತ್ತದೆ. ಕಟ್ಟಲು ಬಿಳಿ ಹತ್ತಿ ದಾರ ಬೇಕು, ಬಣ್ಣದ್ದು, ನೈಲಾನಿನದು ಬೇಡ. ಹೂ ಕಟ್ಟಿ ಅಭ್ಯಾಸವಿರುವ ಕೈಗೆ ಇದು ಎರಡು ನಿಮಿಷದ ಕೆಲಸ. ಮೂರು ಬೆರಳಿಗೊಂದು ಗಂಟು. ಎಷ್ಟು ಗಂಟು ಹಾಕಿದಿರಿ ಅಂತ ಎಣಿಸಿಟ್ಟುಕೊಳ್ಳಿ, ಬಿಚ್ಚುವಾಗ ಅಷ್ಟೇ ಸಿಗಬೇಕು. ನಮ್ಮ ಮನೆಯಲ್ಲಿ ಒಮ್ಮೆ ಮಗನ ಗಂಟಲಿಗೆ ದಾರದ ತುಂಡು ಹೋಗಿತ್ತು. ಅಂದಿನಿಂದ ಎಣಿಸದೆ ಕಟ್ಟಿಲ್ಲ.

ತುಂಬಿ ಕಟ್ಟಿದ್ದನ್ನು ನಾಳೆಗೆ ಅಂತ ಇಡಬೇಡಿ, ಕೂಡಲೇ ಬೇಯಿಸಿ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಎಲ್ಲ ಬದಿಯೂ ಕಂದಾಗುವ ತನಕ ಏಳೆಂಟು ನಿಮಿಷ ತಿರುಗಿಸಿ. ಆಮೇಲೆ 200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್‌ಗೆ. ಓವನ್ ಇಲ್ಲದಿದ್ದರೂ ಆಗುತ್ತದೆ. ಅದೇ ಬಾಣಲೆಗೆ ಎರಡು ಚಮಚ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿಡಿ. ಐದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಿ. ಕುಕ್ಕರ್ ಮಾತ್ರ ಬೇಡ. ಎಷ್ಟು ವಿಷಲ್ ಅಂತ ನನ್ನ ತಂಗಿ ಫೋನಿನಲ್ಲಿ ಕೇಳಿದ್ದಳು. ಒಂದೂ ಇಲ್ಲ.

ಬೆಂದಿದೆ ಅಂತ ಹೇಗೆ ತಿಳಿಯುವುದು? ಇಲ್ಲಿ ನಾನು ಹಟ ಹಿಡಿಯುತ್ತೇನೆ. ಅಡುಗೆಯ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ಅಮೆರಿಕದ ಕೃಷಿ ಇಲಾಖೆ ಬಹಳ ಕಾಲ ಹಂದಿಮಾಂಸ 71 ಡಿಗ್ರಿ ಮುಟ್ಟಬೇಕು ಅನ್ನುತ್ತಿತ್ತು. 2011ರಲ್ಲಿ ಇಡೀ ತುಂಡುಗಳಿಗೆ 63 ಡಿಗ್ರಿ, ಮೇಲೆ ಮೂರು ನಿಮಿಷ ಬಿಡುವು ಸಾಕು ಅಂತ ಬದಲಿಸಿತು. ಒಳಗೆ ಸ್ವಲ್ಪ ಗುಲಾಬಿ ಬಣ್ಣ ಉಳಿದರೂ ಪರವಾಗಿಲ್ಲ ಅಂದಿತು. ಆದರೆ ಆ ಮಾತು ಹೂರಣ ತುಂಬಿದ್ದಕ್ಕೆ ಒಪ್ಪುವುದಿಲ್ಲ. ಹಸಿ ಮಾಂಸದ ರಸ ಹೂರಣಕ್ಕೆ ಇಳಿದಿರುತ್ತದೆ. ಹೂರಣದ ನಟ್ಟನಡುವೆ 74 ಡಿಗ್ರಿ ಬರಲೇಬೇಕು. ನಡುವೆ 74 ಬರುವಾಗ ಸುತ್ತಲಿನ ಮಾಂಸ ಅದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ, ಅಲ್ವಾ? ಅದಕ್ಕೇ ಉಪ್ಪುನೀರು. ಅದರಲ್ಲಿ ನೆನೆದ ಮಾಂಸ ನೀರನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹೂರಣವನ್ನು ಮೊದಲೇ ಹುರಿದು, ಬಿಸಿ ಆರುವ ಮುಂಚೆಯೇ ತುಂಬುವುದೂ ಅದಕ್ಕೇ. ತಣ್ಣಗಿನ ಹೂರಣ ಬಿಸಿಯಾಗಲು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಹೊರಗಿನ ಮಾಂಸ ಒಣಗುತ್ತದೆ. ಹದಿನೆಂಟು ನಿಮಿಷಕ್ಕೇ ಮೊದಲ ಸಲ ಚುಚ್ಚಿ ನೋಡಿ. ಸಾಮಾನ್ಯವಾಗಿ ಇಪ್ಪತ್ತೈದು ನಿಮಿಷದ ಒಳಗೆ ಆಗುತ್ತದೆ.

ನಮ್ಮ ದೇಶದಲ್ಲಿ ಮಾಡುವವರಿಗೆ ಇನ್ನೂ ಒಂದು ಮಾತು. ಹಂದಿ ಎಲ್ಲಿ ಮೇಯ್ದಿದೆ, ಏನು ತಿಂದಿದೆ ಅಂತ ಗೊತ್ತಿಲ್ಲದ ಮಾಂಸದಲ್ಲಿ ಲಾಡಿಹುಳದ ಭಯ ಇದ್ದೇ ಇದೆ. ಸಾಕಣೆಯ ಹಂದಿಯ ಮಾಂಸ ಮಾರುವ, ನಿಮಗೆ ನಂಬಿಕೆಯಿರುವ ಅಂಗಡಿಯಲ್ಲೇ ಕೊಳ್ಳಿ. ಗುಲಾಬಿ ಬಣ್ಣದ ಆಸೆ ಬಿಡಿ. ಈ ತುಂಡು ಕೂಡ ನಮ್ಮ ಅಂಗಡಿಗಳಲ್ಲಿ ಕೇಳದೆ ಸಿಗುವುದಿಲ್ಲ, ಮೂಳೆಯ ಜೊತೆ ಎಲ್ಲ ಕೊಚ್ಚಿ ಹಾಕಿಬಿಡುತ್ತಾರೆ. ಹಿಂದಿನ ದಿನವೇ ಹೋಗಿ, ಬೆನ್ನುಮೂಳೆಯ ಒಳಗಿನ ಉದ್ದನೆಯ ತುಂಡನ್ನು ಇಡಿಯಾಗಿ ತೆಗೆದಿಡಿ ಅಂತ ಹೇಳಿಟ್ಟು ಬನ್ನಿ. ಬರೀ ಲಾಯಿನ್ ಅಂದರೆ ಬೇರೆ, ಅದು ಬೆನ್ನಿನ ಮೇಲುಭಾಗದ ಅಗಲವಾದ ತುಂಡು. ಅದಕ್ಕೆ ಈ ಹೊತ್ತಿನ ಲೆಕ್ಕ ಹೊಂದುವುದಿಲ್ಲ.

ಒಂದು ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಅವ್ವ ಅಯೋವಾಕ್ಕೆ ಬಂದಳು. ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಸುತ್ತಿದ ಕಾಚಂಪುಳಿಯ ಬಾಟಲಿ. ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ತೊಟ್ಟಿಕ್ಕಿದ ರಸವನ್ನು ಕಪ್ಪಗಾಗುವ ತನಕ ಕುದಿಸಿದ ನಮ್ಮ ಹುಳಿ ಅದು, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಆ ರಾತ್ರಿ ಈ ಅಡುಗೆಯನ್ನೇ ಮಾಡಿದೆ. ಮಾಂಸ ಹತ್ತು ನಿಮಿಷ ಆರುತ್ತಾ ಇತ್ತು. ಆಗಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಪಾಲು. ಬಾಣಲೆಯ ತಳಕ್ಕೆ ಹಿಡಿದ ಕಂದು ಪದರಕ್ಕೆ ನಾನು ಅರ್ಧ ಲೋಟ ಸೇಬಿನ ರಸ ಹಾಕಿ ಕೆರೆದು ಕುದಿಸುತ್ತಿದ್ದೆ. ಅವ್ವ ಬಂದು ಚಮಚದಲ್ಲಿ ರುಚಿ ನೋಡಿದಳು. ಏನೂ ಹೇಳದೆ ಒಳಗೆ ಹೋಗಿ ಬಾಟಲಿ ತಂದು, ಅರ್ಧ ಚಮಚ ಕಾಚಂಪುಳಿ ಬಿಟ್ಟಳು. ಸಾರು ಒಮ್ಮೆಲೇ ಗಾಢವಾಯಿತು. ಸೇಬಿನ ಸಿಹಿ ಹಿಂದೆ ಸರಿದು, ಬೇಕನ್ನಿನ ಹೊಗೆ ವಾಸನೆ ಎದ್ದು ನಿಂತಿತು. ನಾನು ಕೊನೆಗೆ ಒಂದು ತುಂಡು ತಣ್ಣನೆಯ ಬೆಣ್ಣೆ ಸೇರಿಸಿ ಇಳಿಸಿದೆ. ಈಗಲೂ ಹಾಗೇ ಮಾಡುತ್ತೇನೆ.

ದಾರ ಬಿಚ್ಚಿ, ಎಣಿಸಿ, ಎರಡು ಬೆರಳು ದಪ್ಪಕ್ಕೆ ಕತ್ತರಿಸಿದೆ. ಒಳಗಿನ ಸುರುಳಿ ನೋಡಿ ಮಕ್ಕಳು ನಡುವಿನ ತುಂಡಿಗೆ ಜಗಳ ಶುರು ಮಾಡಿದರು. ಅವ್ವನಿಗೆ ಮಾಂಸ ಚೆನ್ನಾಗಿ ಬೆಂದೇ ಇರಬೇಕು. ಎರಡು ತುದಿಯ ತುಂಡುಗಳಲ್ಲಿ ಹೂರಣ ಕಡಿಮೆ, ಹೊರಗಿನ ಕಂದು ಜಾಸ್ತಿ. ಎರಡನ್ನೂ ತನ್ನ ತಟ್ಟೆಗೆ ಹಾಕಿಕೊಂಡು, ಮೇಲೆ ಸಾರು ಸುರಿದುಕೊಂಡು, ನಾಳೆ ಇದಕ್ಕೆ ಕಡಂಬುಟ್ಟು ಮಾಡೋಣ, ಅಕ್ಕಿತರಿ ಇದೆಯಾ ಅಂತ ಕೇಳಿದಳು.

ನಮಸ್ಕಾರ.